ಪಿಸುಮಾತನ್ನು ಕೂಗಾಗಿಸುವ ಬೆಳ್ಳಿ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ವೇಷ ಹಾಕಿಕೊಂಡು ಮತ್ತೆ ಮತ್ತೆ ಬರುತ್ತದೆ. "ಮೇಡಂ, ಹಾಲಿಗೆ ಏನು ಬೆರೆಸಿದ್ದಾರೆ ಅಂತ ಮನೇಲೇ ಗೊತ್ತಾಗೋ ಯಂತ್ರ ಇದೆಯಾ?" "ದ್ರಾಕ್ಷಿಗೆ ಔಷಧಿ ಹೊಡೆದಿರ್ತಾರಲ್ಲ, ತೊಳೆದ ಮೇಲೂ ಉಳಿದಿದ್ಯಾ ಅಂತ ನೋಡೋದು ಹೇಗೆ?" "ಅಂಗೈಯಲ್ಲಿ ಹಿಡಿಯೋ ಸ್ಕ್ಯಾನರ್ ಅಂತ ಜಾಹೀರಾತು ಬರ್ತಿದೆ, ನಂಬಬಹುದಾ?"

ಮೂರಕ್ಕೂ ಒಟ್ಟಿಗೆ ಉತ್ತರ ಹೇಳುವ ಒಂದು ತಂತ್ರ ಇದೆ. ನಾನು ಹೊಟ್ಟೆಪಾಡಿಗೆ ಮಾಡುವುದೂ ಅದೇ ಕೆಲಸ. ಬೆಳ್ಳಿ, ಚಿನ್ನದ ಅತಿ ಸಣ್ಣ ಕಣಗಳ ಮೇಲೆ ಅನುಮಾನ ಇರುವ ಪದಾರ್ಥವನ್ನು ಕೂರಿಸಿ, ಲೇಸರ್ ಬೆಳಕು ಬಿಟ್ಟು, ತಿರುಗಿ ಬರುವ ಬೆಳಕಿನ ಬಣ್ಣ ಓದುವುದು. ಇಂಗ್ಲಿಷಿನ ಉದ್ದ ಹೆಸರನ್ನು ಮೊಟಕು ಮಾಡಿ ನಾವೆಲ್ಲ 'ಸರ್ಸ್' ಅಂತೀವಿ. ಇವತ್ತು ಅದರ ಕಥೆ. ಅದಕ್ಕೆ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎನ್ನುವುದು ಜಾಹೀರಾತು ನೋಡಿ ದುಡ್ಡು ಕೊಡುವ ಮೊದಲು ನಿಮಗೆ ತಿಳಿದಿರಲಿ ಅಂತ.

ಕೋಟಿಗೊಂದು

ಕಥೆ ಶುರುವಾಗುವುದು ರಾಮನ್ ಅವರಿಂದ. 1928ರ ಫೆಬ್ರುವರಿ 28, ಕಲ್ಕತ್ತ. ಸಿ.ವಿ. ರಾಮನ್ ಮತ್ತು ಅವರ ಜೊತೆಗಾರ ಕೆ.ಎಸ್. ಕೃಷ್ಣನ್ ದ್ರವಗಳ ಮೂಲಕ ಬೆಳಕು ಹಾಯಿಸಿ ನೋಡುತ್ತಿದ್ದರು. ಮೊದಮೊದಲು ಬಳಸಿದ್ದು ಸೂರ್ಯನ ಬೆಳಕನ್ನೇ, ಆಮೇಲೆ ಪಾದರಸದ ದೀಪ. ಒಳಗೆ ಹೋದ ಬೆಳಕು ಒಂದು ಬಣ್ಣದ್ದು. ಚದುರಿ ಹೊರಬಂದ ಬೆಳಕಿನಲ್ಲಿ ಆ ಬಣ್ಣದ ಜೊತೆಗೆ ತೀರಾ ಮಸುಕಾಗಿ ಬೇರೆ ಬಣ್ಣವೂ ಇತ್ತು.

ಯಾಕೆ ಹೀಗೆ? ಯಾವ ಅಣುವೂ ಸುಮ್ಮನೆ ಕೂತಿರುವುದಿಲ್ಲ. ಅದರೊಳಗಿನ ಪರಮಾಣುಗಳು ಸ್ಪ್ರಿಂಗ್ ಕಟ್ಟಿದ ಹಾಗೆ ಸದಾ ಅಲುಗುತ್ತಿರುತ್ತವೆ. ಬೆಳಕು ಬಂದು ಡಿಕ್ಕಿ ಹೊಡೆದಾಗ ತನ್ನ ಶಕ್ತಿಯಲ್ಲಿ ಸ್ವಲ್ಪವನ್ನು ಆ ಅಲುಗಾಟಕ್ಕೆ ಕೊಟ್ಟು ಹೋಗಬಹುದು. ಕೊಟ್ಟಷ್ಟು ಬಣ್ಣ ಬದಲಾಗುತ್ತದೆ. ಪ್ರತಿ ಅಣುವಿನ ಅಲುಗಾಟ ಬೇರೆ ಬೇರೆ, ಆದ್ದರಿಂದ ಬದಲಾದ ಬಣ್ಣಗಳ ಸಾಲೂ ಬೇರೆ ಬೇರೆ. ಆ ಸಾಲು ಅಣುವಿನ ಬೆರಳಚ್ಚು ಇದ್ದ ಹಾಗೆ. ಸಕ್ಕರೆಯ ಸಾಲು ಒಂದು ಥರ, ಯೂರಿಯಾದ್ದು ಇನ್ನೊಂದು ಥರ.

1930ರಲ್ಲಿ ನೊಬೆಲ್ ಬಂತು. 1933ರಲ್ಲಿ ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು, ಕೊನೆವರೆಗೂ ಇಲ್ಲೇ ಉಳಿದರು. ಮೇಖ್ರಿ ಸರ್ಕಲ್ ಹತ್ತಿರ ಕಾಣುವ ರಾಮನ್ ಸಂಶೋಧನಾ ಸಂಸ್ಥೆಯನ್ನು ಅವರು ಕಟ್ಟಿದ್ದು 1948ರಲ್ಲಿ. ಇಷ್ಟೆಲ್ಲ ನಮಗೆ ಶಾಲೆಯಲ್ಲಿ ಹೇಳಿಕೊಟ್ಟಿದ್ದಾರೆ.

ಹೇಳಿಕೊಡದ ಸಂಗತಿ ಒಂದಿದೆ: ಈ ಬೆಳಕು ಎಷ್ಟು ದುರ್ಬಲ ಎನ್ನುವುದು. ಚದುರಿ ಬರುವ ಬೆಳಕಿನ ಕಣಗಳಲ್ಲಿ ಬಣ್ಣ ಬದಲಿಸಿಕೊಂಡು ಬರುವುದು ಸುಮಾರು ಕೋಟಿಗೆ ಒಂದು. ಮಿಕ್ಕವೆಲ್ಲ ಹೋದ ಹಾಗೇ ವಾಪಸ್. ಜಾತ್ರೆಯ ಗದ್ದಲದಲ್ಲಿ ಯಾರೋ ಒಬ್ಬರು ಪಿಸುಗುಟ್ಟಿದ ಹಾಗೆ. ಆಗಿನ ಕಾಲದಲ್ಲಿ ಫೋಟೋ ಪ್ಲೇಟಿನ ಮೇಲೆ ಆ ಗೆರೆ ಮೂಡಿಸಬೇಕಾದರೆ ಗಂಟೆಗಟ್ಟಲೆ ಬೆಳಕು ಬಿಟ್ಟು ಕಾಯಬೇಕಿತ್ತು. 1960ರಲ್ಲಿ ಲೇಸರ್ ಬಂದ ಮೇಲೆ ಕೆಲಸ ಸಲೀಸಾಯಿತು. ಆದರೂ ಬಾಟಲಿ ತುಂಬ ಇರುವ ದ್ರವವನ್ನು ಓದಬಹುದಿತ್ತೇ ಹೊರತು ಅದರಲ್ಲಿ ಕರಗಿರುವ ಚಿಟಿಕೆಗಿಂತಲೂ ಕಡಿಮೆ ವಿಷವನ್ನು ಓದಲು ಆಗುತ್ತಿರಲಿಲ್ಲ. ನಮಗೆ ಬೇಕಾಗಿರುವುದು ಅದೇ ತಾನೆ? ಹಾಲಿನಲ್ಲಿ ಹಾಲು ಇದೆ ಎನ್ನುವುದು ಗೊತ್ತಿರುವ ವಿಷಯ. ಅದರಲ್ಲಿ ಇರಬಾರದ್ದು ಚೂರು ಇದೆಯಾ ಎನ್ನುವುದು ಪ್ರಶ್ನೆ.

ಒರಟು ಮಾಡಿದ ಬೆಳ್ಳಿ

1974. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಫ್ಲೀಷ್‌ಮನ್, ಪ್ಯಾಟ್ರಿಕ್ ಹೆಂಡ್ರಾ, ಜೇಮ್ಸ್ ಮೆಕ್ವಿಲನ್ ಎಂಬ ಮೂವರು ಒಂದು ಬೆಳ್ಳಿಯ ಎಲೆಕ್ಟ್ರೋಡ್ ಮೇಲೆ ಪಿರಿಡಿನ್ ಎಂಬ ವಾಸನೆಯ ರಾಸಾಯನಿಕ ಹೇಗೆ ಅಂಟಿಕೊಳ್ಳುತ್ತದೆ ಅಂತ ನೋಡಬೇಕೆಂದಿದ್ದರು. ಲೋಹದ ಮೇಲೆ ಅಂಟುವುದು ಒಂದೇ ಪದರ. ಅಷ್ಟು ಕಡಿಮೆ ಅಣುಗಳಿಂದ ರಾಮನ್ ಬೆಳಕು ಸಿಗುವುದು ಕಷ್ಟ. ಅದಕ್ಕೆ ಒಂದು ಉಪಾಯ ಮಾಡಿದರು. ವಿದ್ಯುತ್ ಹಾಯಿಸಿ ಬೆಳ್ಳಿಯ ಮೇಲ್ಮೈಯನ್ನು ಮತ್ತೆ ಮತ್ತೆ ಕರಗಿಸಿ, ಮತ್ತೆ ಕೂರಿಸಿ, ಒರಟು ಮಾಡಿದರು. ಸಪಾಟು ತಗಡಿಗಿಂತ ಅಲೆ ಅಲೆಯಾದ ಶೀಟಿಗೆ ಬಣ್ಣ ಜಾಸ್ತಿ ಹಿಡಿಯುತ್ತದಲ್ಲ, ಅದೇ ತರ್ಕ. ಜಾಗ ಹೆಚ್ಚಾದರೆ ಕೂರುವ ಅಣುಗಳೂ ಹೆಚ್ಚು.

ಬೆಳಕು ಬಂತು. ಚೆನ್ನಾಗಿಯೇ ಬಂತು. ಜಾಗ ಹೆಚ್ಚಾಗಿದ್ದಕ್ಕೇ ಬಂತು ಅಂತ ಅವರು ಬರೆದರು.

ಮೂರು ವರ್ಷದ ನಂತರ, 1977ರಲ್ಲಿ, ಎರಡು ಗುಂಪುಗಳು ಬೇರೆ ಬೇರೆಯಾಗಿ ಕೂತು ಲೆಕ್ಕ ಹಾಕಿದವು. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೀನ್‌ಮೇರ್ ಮತ್ತು ರಿಚರ್ಡ್ ವ್ಯಾನ್ ಡೈನ್. ಇಂಗ್ಲೆಂಡಿನ ಕೆಂಟ್‌ನಲ್ಲಿ ಗ್ರಾಂಟ್ ಆಲ್ಬ್ರೆಕ್ಟ್ ಮತ್ತು ಅಲನ್ ಕ್ರೈಟನ್. ಎಷ್ಟೇ ಒರಟು ಮಾಡಿದರೂ ಜಾಗ ಅಷ್ಟೊಂದು ಹೆಚ್ಚಾಗಲು ಸಾಧ್ಯವಿಲ್ಲ, ಆದರೆ ಬೆಳಕು ಹೆಚ್ಚಾಗಿರುವುದು ಲಕ್ಷದಿಂದ ಹತ್ತು ಲಕ್ಷ ಪಟ್ಟು! ಲೆಕ್ಕ ಎಲ್ಲಿಗೂ ಹೊಂದುತ್ತಿಲ್ಲ. ಹಾಗಾದರೆ ಬೆಳ್ಳಿ ಅಣುಗಳಿಗೆ ಜಾಗ ಕೊಟ್ಟಿದ್ದಷ್ಟೇ ಅಲ್ಲ, ತಾನೂ ಏನೋ ಮಾಡುತ್ತಿದೆ ಎಂದು ಎರಡೂ ಗುಂಪು ಹೇಳಿದವು. ಸರ್ಸ್ ಹುಟ್ಟಿದ್ದು ಹೀಗೆ. ರಾಮನ್ ಇದನ್ನು ನೋಡಲಿಲ್ಲ. ಅವರು ತೀರಿಕೊಂಡಿದ್ದು 1970ರಲ್ಲಿ.

ಜೋಕಾಲಿ ಮತ್ತು ಸಂದಿ

ಬೆಳ್ಳಿ ಮಾಡುವುದು ಏನು? ಲೋಹದೊಳಗೆ ಎಲೆಕ್ಟ್ರಾನುಗಳು ಒಂದೇ ಪರಮಾಣುವಿಗೆ ಅಂಟಿಕೊಂಡಿರದೆ ಓಡಾಡಿಕೊಂಡಿರುತ್ತವೆ. ಲೋಹವನ್ನು ಐವತ್ತು ಅರವತ್ತು ನ್ಯಾನೋಮೀಟರಿನ ಕಣ ಮಾಡಿದರೆ ಆ ಎಲೆಕ್ಟ್ರಾನುಗಳೆಲ್ಲ ಆ ಸಣ್ಣ ಮನೆಯೊಳಗೇ ಅತ್ತಿತ್ತ ತೂಗಬೇಕು. ನಮ್ಮ ಒಂದು ಕೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಕಣ ಎಷ್ಟು ಸಣ್ಣದು ಅಂತ ನೀವೇ ಅಂದಾಜು ಮಾಡಿಕೊಳ್ಳಿ.

ಜೋಕಾಲಿಗೆ ತನ್ನದೇ ಒಂದು ಲಯ ಇರುತ್ತದೆ. ಆ ಲಯಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಮಗು ಕೂಡ ದೊಡ್ಡವರನ್ನು ಮೇಲೆ ತೂಗಬಲ್ಲದು. ಲಯ ತಪ್ಪಿ ತಳ್ಳಿದರೆ ಪೈಲ್ವಾನನಿಗೂ ಆಗದು. ಬೆಳ್ಳಿ, ಚಿನ್ನ, ತಾಮ್ರದ ನ್ಯಾನೋ ಕಣಗಳ ಎಲೆಕ್ಟ್ರಾನುಗಳ ಲಯ, ಕಣ್ಣಿಗೆ ಕಾಣುವ ಬೆಳಕಿನ ಲಯಕ್ಕೆ ಹೊಂದುತ್ತದೆ. ಬೆಳಕು ತಳ್ಳಿದಾಗ ಎಲೆಕ್ಟ್ರಾನುಗಳು ಜೋರಾಗಿ ತೂಗುತ್ತವೆ, ಕಣದ ಮೈಗೆ ಅಂಟಿದ ಹಾಗೆ ಬೆಳಕಿನ ವಿದ್ಯುತ್ ಕ್ಷೇತ್ರ ಹಲವು ಪಟ್ಟು ಹೆಚ್ಚಾಗುತ್ತದೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ 4ನೇ ಶತಮಾನದ ಒಂದು ರೋಮನ್ ಗಾಜಿನ ಬಟ್ಟಲಿದೆ. ಹೊರಗಿನಿಂದ ಬೆಳಕು ಬಿದ್ದರೆ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು. ಗಾಜಿನಲ್ಲಿ ಸೇರಿರುವ ಚಿನ್ನ, ಬೆಳ್ಳಿಯ ನ್ಯಾನೋ ಕಣಗಳ ಆಟ ಅದು. ಕಾರಣ ಗೊತ್ತಿಲ್ಲದೆಯೂ ಕಸುಬುದಾರರಿಗೆ ಕೆಲಸ ಗೊತ್ತಿತ್ತು.

ಇನ್ನು ಹೆಚ್ಚಾಗುವ ಲೆಕ್ಕ ನೋಡಿ, ಮಜಾ ಇದೆ. ಕ್ಷೇತ್ರ 10 ಪಟ್ಟು ಹೆಚ್ಚಾದರೆ ಬೆಳಕಿನ ತೀವ್ರತೆ 100 ಪಟ್ಟು. ಅಣು ಬೆಳಕನ್ನು ಪಡೆಯುವಾಗ ಒಮ್ಮೆ ಈ ಲಾಭ. ಅದೇ ಅಣು ಬಣ್ಣ ಬದಲಿಸಿದ ಬೆಳಕನ್ನು ಹೊರಗೆ ಬಿಡುವಾಗ ಪಕ್ಕದ ಬೆಳ್ಳಿಯೇ ಮೈಕ್ ಹಿಡಿದು ಇನ್ನೊಮ್ಮೆ ಹೆಚ್ಚಿಸುತ್ತದೆ. ನೂರು ನೂರಲೆ ಹತ್ತು ಸಾವಿರ. ಕ್ಷೇತ್ರ 30 ಪಟ್ಟಾದರೆ? ಎಂಟು ಲಕ್ಷಕ್ಕೂ ಮೇಲೆ! ಸ್ವಲ್ಪ ಹೆಚ್ಚಿದರೆ ಸಾಕು, ಫಲ ಎಲ್ಲಿಗೋ ಹೋಗುತ್ತದೆ.

ಎರಡು ಕಣಗಳು ಒಂದಕ್ಕೊಂದು ತಾಗುತ್ತೋ ಇಲ್ಲವೋ ಎನ್ನುವಷ್ಟು ಹತ್ತಿರ ಬಂದರೆ, ಒಂದೆರಡು ನ್ಯಾನೋಮೀಟರಿನ ಆ ಸಂದಿಯಲ್ಲಿ ಕ್ಷೇತ್ರ ಎಲ್ಲಕ್ಕಿಂತ ಜೋರು. ನಮ್ಮ ಭಾಷೆಯಲ್ಲಿ ಅದು 'ಹಾಟ್ ಸ್ಪಾಟ್'. 1997ರಲ್ಲಿ ಎರಡು ಗುಂಪುಗಳು ಒಂದೇ ಒಂದು ಅಣುವಿನ ರಾಮನ್ ಬೆಳಕನ್ನು ಹಿಡಿದೆವು ಅಂತ ಪ್ರಕಟಿಸಿದವು. ಕೋಟಿಗೊಂದು ಎನ್ನುತ್ತಿದ್ದ ಜಾಗದಲ್ಲಿ ಒಂಟಿ ಅಣುವಿನ ಮಾತು ಕೇಳಿಸಿತು. ಇಲ್ಲಿಂದ ಮುಂದೆ ಲೋಕಕ್ಕೆ ಆಸೆ ಹುಟ್ಟಿದ್ದು ಸಹಜ.

ಪಾಕದ ಹದ

ಪ್ರಯೋಗಾಲಯದಲ್ಲಿ ಇದನ್ನು ಮಾಡುವುದು ಹೇಗೆ ಅಂತ ಕೇಳಿದರೆ ನಿಮಗೆ ನಗು ಬರಬಹುದು. ಅಡುಗೆಮನೆಯೇ. ಬೆಳ್ಳಿಯ ಉಪ್ಪನ್ನು, ಅಂದರೆ ಸಿಲ್ವರ್ ನೈಟ್ರೇಟನ್ನು, ಶುದ್ಧ ನೀರಿನಲ್ಲಿ ಕರಗಿಸಿ ಕುದಿಸುತ್ತೇವೆ. ಕುದಿ ಬಂದಾಗ ಸೋಡಿಯಂ ಸಿಟ್ರೇಟ್ ಹನಿ ಹನಿಯಾಗಿ ಬಿಡುತ್ತೇವೆ. ಸುಮಾರು ಒಂದು ಗಂಟೆ ಕುದಿಸುತ್ತಾ ಕಲಕುತ್ತಾ ಇದ್ದರೆ ತಿಳಿ ನೀರು ಹಳದಿಗೆ ತಿರುಗಿ, ಕೊನೆಗೆ ಹಸಿರು ಮಿಶ್ರಿತ ಬೂದು ಬಣ್ಣದ ಕದಡಿದ ದ್ರವವಾಗುತ್ತದೆ. ಅದರೊಳಗೆ ತೇಲುತ್ತಿರುವುದೇ ಬೆಳ್ಳಿಯ ನ್ಯಾನೋ ಕಣಗಳು. 1982ರಲ್ಲಿ ಲೀ ಮತ್ತು ಮೈಸೆಲ್ ಎಂಬಿಬ್ಬರು ಹೇಳಿಕೊಟ್ಟ ವಿಧಾನ ಇದು, ಇವತ್ತಿಗೂ ಎಷ್ಟೋ ಕಡೆ ನಡೆಯುತ್ತಿದೆ. ಆಮೇಲೆ ಚೂರು ಅಡುಗೆ ಉಪ್ಪು ಹಾಕಿದರೆ ಕಣಗಳು ಗುಂಪು ಕೂಡುತ್ತವೆ, ಸಂದಿಗಳು ಹುಟ್ಟುತ್ತವೆ, ಸಿಗ್ನಲ್ ಜಿಗಿಯುತ್ತದೆ. ಉಪ್ಪು ಜಾಸ್ತಿಯಾದರೆ ಹಾಲು ಒಡೆದ ಹಾಗೆ ಬೆಳ್ಳಿಯೆಲ್ಲ ತಳ ಸೇರುತ್ತದೆ.

ಹೋಳಿಗೆಗೆ ಪಾಕ ತೆಗೆಯುವವರಿಗೆ ಗೊತ್ತು, ಒಂದೆಳೆ ಪಾಕಕ್ಕೂ ಎರಡೆಳೆ ಪಾಕಕ್ಕೂ ನಡುವೆ ಇರುವುದು ಅರೆಗಳಿಗೆ. ನಮ್ಮದೂ ಹಾಗೇ. ಸೋಮವಾರ ಮಾಡಿದ್ದಕ್ಕೂ ಗುರುವಾರ ಮಾಡಿದ್ದಕ್ಕೂ ಕಣದ ಗಾತ್ರದಲ್ಲಿ ವ್ಯತ್ಯಾಸ. ಪಾತ್ರೆ ತೊಳೆದಿದ್ದು ಕೊಂಚ ಸರಿಯಿಲ್ಲದಿದ್ದರೆ ಇಡೀ ಬ್ಯಾಚ್ ಹಾಳು. ಹಾಗಾಗಿ ಈಗ ಬಿಲ್ಲೆಗಳ ಮೇಲೆ ಯಂತ್ರದಿಂದಲೇ ಒಂದೇ ಅಳತೆಯ ಕಂಬ, ಗುಂಡಿ, ಗೋಳ ಜೋಡಿಸಿ ಮೇಲೆ ಬೆಳ್ಳಿ ಅಥವಾ ಚಿನ್ನ ಬಳಿದ ತಳಗಳೂ ಬಂದಿವೆ. ಅವು ಹೆಚ್ಚು ನಂಬಿಕಸ್ಥ, ಬೆಲೆಯೂ ಹೆಚ್ಚು.

ಬೆಳ್ಳಿಯೋ ಚಿನ್ನವೋ ಎನ್ನುವ ಚರ್ಚೆಗೆ ಉತ್ತರ ನಿಮ್ಮ ದೇವರ ಮನೆಯಲ್ಲೇ ಇದೆ. ಬೆಳ್ಳಿ ದೀಪ ಹಬ್ಬಕ್ಕೊಮ್ಮೆ ಉಜ್ಜಲೇಬೇಕು. ಗಾಳಿಯಲ್ಲಿರುವ ಗಂಧಕದ ಅಂಶ ಸೇರಿ ಕಪ್ಪಾಗುತ್ತದೆ. ಅಜ್ಜಿಯ ಕಾಲದ ಚಿನ್ನದ ಸರ ಪೆಟ್ಟಿಗೆಯಿಂದ ತೆಗೆದರೆ ಹಾಗೇ ಹೊಳೆಯುತ್ತದೆ. ಸರ್ಸ್‌ನಲ್ಲೂ ಬೆಳ್ಳಿಯ ಫಲ ಹೆಚ್ಚು, ಬಾಳಿಕೆ ಕಡಿಮೆ. ಚಿನ್ನದ ಫಲ ಸಾಮಾನ್ಯವಾಗಿ ಕೊಂಚ ಕಡಿಮೆ, ಬಾಳಿಕೆ ಹೆಚ್ಚು. ದೀಪವನ್ನಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು, ನ್ಯಾನೋ ಕಣವನ್ನು ಉಜ್ಜಲು ಆಗುವುದಿಲ್ಲ.

ನಾಲ್ಕು ಸಾವಿರ ವರ್ಷದ ಕೆಂಪು

ಇದರಿಂದ ಆಗಿರುವ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದವು ಚಿತ್ರಶಾಲೆಯವು. ಹಳೆಯ ಬಟ್ಟೆ, ಚರ್ಮ, ವರ್ಣಚಿತ್ರಗಳಲ್ಲಿ ಬಳಸಿದ ಗಿಡಮೂಲಿಕೆಯ ಬಣ್ಣಗಳು ತೀರಾ ಕಡಿಮೆ ಪ್ರಮಾಣದಲ್ಲಿರುತ್ತವೆ. ಪರೀಕ್ಷೆಗೆಂದು ಚಿತ್ರ ಕತ್ತರಿಸಲು ಯಾರು ಬಿಡುತ್ತಾರೆ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನಲ್ಲಿ ಮಾರ್ಕೊ ಲಿಯೋನಾ ಎಂಬ ವಿಜ್ಞಾನಿ, ಈಜಿಪ್ಟಿನ ಸುಮಾರು 4,000 ವರ್ಷ ಹಳೆಯ ಒಂದು ಬತ್ತಳಿಕೆಯ ಚರ್ಮದಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ತೆಗೆದು, ಬೆಳ್ಳಿ ಕಣಗಳ ಜೊತೆ ಸೇರಿಸಿ ಓದಿದರು. ಅದರ ಕೆಂಪು ಮಂಜಿಷ್ಠದ ಜಾತಿಯ ಬೇರಿನಿಂದ ತೆಗೆದ ಬಣ್ಣ ಅಂತ 2009ರಲ್ಲಿ ಪ್ರಕಟವಾಯಿತು.

ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲಿ ಫ್ರೆಂಚ್ ಚಿತ್ರಕಾರ ರೆನ್ವಾ 1883ರಲ್ಲಿ ಬರೆದ ಒಬ್ಬ ಹೆಂಗಸಿನ ಚಿತ್ರ ಇದೆ. ಹಿನ್ನೆಲೆ ಮಂಕು ನೀಲಿ, ಬೂದು. ಚೌಕಟ್ಟು ತೆಗೆದಾಗ ಅದರ ಅಡಿ ಮುಚ್ಚಿಕೊಂಡಿದ್ದ ಅಂಚಿನಲ್ಲಿ ಗಾಢ ಕೆಂಪು ಕಂಡಿತು. ಆ ಕೆಂಪು ಯಾವುದು ಅಂತ ಹೇಳಿದ್ದು ಸರ್ಸ್. ಕೊಚಿನೀಲ್ ಎಂಬ ಹುಳದಿಂದ ತೆಗೆಯುವ, ಬೆಳಕಿಗೆ ಮಾಸುವ ಬಣ್ಣ. ಆ ಕೆಲಸದಲ್ಲಿ 1977ರಲ್ಲಿ ಲೆಕ್ಕ ಹಾಕಿದ ಅದೇ ವ್ಯಾನ್ ಡೈನ್ ಇದ್ದರು. ನೂರಕ್ಕೂ ಹೆಚ್ಚು ವರ್ಷ ಜನ ನೋಡಿ ಮೆಚ್ಚಿದ ತಣ್ಣನೆಯ ಚಿತ್ರವನ್ನು ರೆನ್ವಾ ಬರೆದಿದ್ದು ಕೆಂಪು ಹಿನ್ನೆಲೆಯಲ್ಲಿ!

ಹಣ್ಣಿನ ವಿಷಯಕ್ಕೆ ಬಂದರೆ, 2010ರಲ್ಲಿ ಚೀನಾದ ಷಿಯಾಮೆನ್ ವಿಶ್ವವಿದ್ಯಾಲಯದ ತಂಡ ಚಿನ್ನದ ನ್ಯಾನೋ ಕಣಗಳಿಗೆ ಅತಿ ತೆಳುವಾದ ಗಾಜಿನಂಥ ಕವಚ ಹಾಕಿ, ಆ ಪುಡಿಯನ್ನು ಕಿತ್ತಳೆ ಸಿಪ್ಪೆಯ ಮೇಲೆ ಉದುರಿಸಿ ಕೀಟನಾಶಕದ ಗುರುತು ಹಿಡಿಯಿತು. ಸಿಪ್ಪೆ ಕತ್ತರಿಸಲಿಲ್ಲ, ಅರೆಯಲಿಲ್ಲ. ಪುಡಿ ಉದುರಿಸಿ ಬೆಳಕು ಬಿಟ್ಟರು, ಅಷ್ಟೇ.

ಹಾಲಿನ ಪ್ರಶ್ನೆ

ಈಗ ಹಾಲು. 2008ರಲ್ಲಿ ಚೀನಾದಲ್ಲಿ ಮಕ್ಕಳ ಹಾಲಿನ ಪುಡಿಯಲ್ಲಿ ಮೆಲಮಿನ್ ಬೆರೆಸಿದ್ದು ಹೊರಬಿತ್ತು. ಪ್ಲಾಸ್ಟಿಕ್ ತಟ್ಟೆ ತಯಾರಿಸಲು ಬಳಸುವ ರಾಸಾಯನಿಕ ಅದು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು, ಆರು ಮಕ್ಕಳು ತೀರಿಕೊಂಡರು. ಮೂತ್ರಪಿಂಡದಲ್ಲಿ ಕಲ್ಲು. ಅದೇ ಸೆಪ್ಟೆಂಬರಿನಲ್ಲಿ ಭಾರತ ಚೀನಾದ ಹಾಲು ಮತ್ತು ಹಾಲಿನ ಪದಾರ್ಥಗಳ ಆಮದು ನಿಷೇಧಿಸಿತು.

ಯಾಕೆ ಮೆಲಮಿನ್? ಇದನ್ನು ಗಮನವಿಟ್ಟು ಓದಿ. ಹಾಲಿಗೆ ನೀರು ಬೆರೆಸಿದರೆ ಪ್ರೋಟೀನ್ ಕಡಿಮೆಯಾಗುತ್ತದೆ. ಖರೀದಿಸುವವರು ಪ್ರೋಟೀನ್ ಪರೀಕ್ಷೆ ಮಾಡುತ್ತಾರೆ. ಆದರೆ ಬಳಕೆಯಲ್ಲಿದ್ದ ಪರೀಕ್ಷೆ ನೇರವಾಗಿ ಪ್ರೋಟೀನನ್ನು ನೋಡುವುದಿಲ್ಲ, ಸಾರಜನಕ ಎಷ್ಟಿದೆ ಅಂತ ಅಳೆದು ಪ್ರೋಟೀನ್ ಇಷ್ಟಿರಬೇಕು ಅಂತ ಲೆಕ್ಕ ಹಾಕುತ್ತದೆ. ಮೆಲಮಿನ್‌ನ ತೂಕದಲ್ಲಿ ಮೂರನೇ ಎರಡರಷ್ಟು ಸಾರಜನಕವೇ. ಚೂರು ಹಾಕಿದರೆ ನೀರು ಹಾಲೂ ಪಾಸು. ಪರೀಕ್ಷೆ ಕೆಟ್ಟಿರಲಿಲ್ಲ, ತನ್ನನ್ನು ಕೇಳಿದ ಪ್ರಶ್ನೆಗೆ ಸರಿಯಾಗಿಯೇ ಉತ್ತರ ಕೊಟ್ಟಿತ್ತು. ಮೋಸ ಮಾಡಿದವರಿಗೆ ಆ ಪ್ರಶ್ನೆ ಯಾವುದು ಅಂತ ಗೊತ್ತಿತ್ತು.

ಆಮೇಲೆ ಜಗತ್ತಿನ ಎಷ್ಟೋ ಪ್ರಯೋಗಾಲಯಗಳು ಸರ್ಸ್ ಹಿಡಿದು ಮೆಲಮಿನ್ ಹಿಂದೆ ಬಿದ್ದವು. ಈ ಅಣು ಬೆಳ್ಳಿ, ಚಿನ್ನದ ಮೇಲೆ ಚೆನ್ನಾಗಿ ಅಂಟುತ್ತದೆ, ಅದರ ರಾಮನ್ ಗೆರೆ ಎದ್ದು ಕಾಣುತ್ತದೆ. ಹಾಲಿನಲ್ಲಿ ಮುಕ್ಕಾಲಿಗಿಂತ ಹೆಚ್ಚು ನೀರೇ ಇದ್ದರೂ ತೊಂದರೆಯಿಲ್ಲ, ನೀರಿನ ರಾಮನ್ ಬೆಳಕು ದುರ್ಬಲ. ಅಂತರರಾಷ್ಟ್ರೀಯ ಆಹಾರ ಮಾನದಂಡ ಮಂಡಳಿ ಕೋಡೆಕ್ಸ್ 2010ರಲ್ಲಿ ಮಿತಿ ಹಾಕಿತು: ಮಕ್ಕಳ ಹಾಲಿನ ಪುಡಿಯಲ್ಲಿ ಕಿಲೋಗೆ 1 ಮಿಲಿಗ್ರಾಂ, ಬೇರೆ ಆಹಾರದಲ್ಲಿ 2.5 ಮಿಲಿಗ್ರಾಂ. ಇಂಥ ಮಟ್ಟದ ಮೆಲಮಿನ್ ಗುರುತಿಸುವುದು, ಹಾಲನ್ನು ಸರಿಯಾಗಿ ಹದ ಮಾಡಿಕೊಂಡರೆ, ಸರ್ಸ್‌ಗೆ ಸಾಧ್ಯ.

"ಹಸಿರು ಬಂದ್ರೆ ಶುದ್ಧ"

ಇಷ್ಟು ಹೇಳಿದ ಮೇಲೆ ನನ್ನ ತಂಗಿಯ ಫೋನಿನ ವಿಷಯ ಹೇಳಬೇಕು. ಅವಳ ಮಗನಿಗೆ ಒಂದೂವರೆ ವರ್ಷ.

"ಅಕ್ಕಾ, ಒಂದು ಲಿಂಕ್ ಕಳ್ಸಿದೀನಿ ನೋಡು. ನಿಮ್ದೇ ಥರ ಲೇಸರ್ ಅಂತೆ, ನ್ಯಾನೋ ಬೆಳ್ಳಿ ಅಂತೆ. ಒಂದ್ ಹನಿ ಹಾಲು ಹಾಕಿದ್ರೆ ಸಾಕು, ಹಸಿರು ಬಂದ್ರೆ ಶುದ್ಧ, ಕೆಂಪು ಬಂದ್ರೆ ಕಲಬೆರಕೆ. ತಗೊಳ್ಲಾ?"

"ಯಾವುದರ ಕಲಬೆರಕೆ ಅಂತ ಹೇಳತ್ತಾ?"

"ಅದೆಲ್ಲ ಬರ್ದಿಲ್ಲ. ಎಲ್ಲಾದ್ದೂ ಇರ್ಬೇಕು."

"ಎಲ್ಲಾದ್ದೂ ಹೇಳೋ ಯಂತ್ರ ನಮ್ಮ ಲ್ಯಾಬಲ್ಲೂ ಇಲ್ಲ ಕಣೇ."

"ನೀನು ಸುಮ್ನೆ ಹೆದರಿಸ್ಬೇಡ. ಒಂದಾದ್ರೂ ಸಿಕ್ಕಿದ್ರೆ ಒಳ್ಳೇದೇ ಅಲ್ವಾ?"

ಅವಳ ಮಾತಿನಲ್ಲಿ ನ್ಯಾಯ ಇದೆ. ಒಂದಾದರೂ ಸಿಕ್ಕರೆ ಒಳ್ಳೆಯದೇ. ಅಪಾಯ ಇರುವುದು ಹಸಿರು ಬಂದಾಗ. ಹಸಿರು ಕಂಡ ತಾಯಿ ನಿಶ್ಚಿಂತೆಯಿಂದ ಲೋಟ ಎತ್ತಿ ಕೊಡುತ್ತಾಳೆ. ಆ ನಿಶ್ಚಿಂತೆಗೆ ಆಧಾರ ಎಷ್ಟು? ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಒಂದು, ಬೆಳ್ಳಿಗೆ ಅಂಟಿದ್ದು ಮಾತ್ರ ಕೇಳಿಸುತ್ತದೆ. ಲಾಭವೆಲ್ಲ ಕಣದ ಮೈಯಿಂದ ಕೆಲವೇ ನ್ಯಾನೋಮೀಟರ್ ಒಳಗೆ. ಅದರಾಚೆ ಇರುವ ಅಣು ಇದ್ದೂ ಇಲ್ಲದ ಹಾಗೆ. ಮೆಲಮಿನ್ ಅಂಟುತ್ತದೆ, ಸರಿ. ಸಕ್ಕರೆಯಂಥವು ಸುಲಭಕ್ಕೆ ಅಂಟುವುದಿಲ್ಲ. ಇನ್ನು ಹಾಲಿಗೆ ನೀರು ಬೆರೆಸಿದರೆ? ನೀರು ಹಾಲಿನಲ್ಲಿ ಮೊದಲೇ ಇದೆ, ಇದು ಯಾರ ನೀರು ಅಂತ ಬೆಳ್ಳಿ ಹೇಗೆ ಹೇಳೀತು?

ಎರಡು, ಸೀಟಿನ ಸಮಸ್ಯೆ. ಬೆಳಗ್ಗೆ ಒಂಬತ್ತರ ಮೆಜೆಸ್ಟಿಕ್ ಬಸ್ಸು ನೆನೆಸಿಕೊಳ್ಳಿ. ಹಾಲಿನಲ್ಲಿರುವ ಪ್ರೋಟೀನು, ಕೊಬ್ಬು ಮೊದಲು ನುಗ್ಗಿ ಬೆಳ್ಳಿಯ ಮೇಲಿನ ಸೀಟೆಲ್ಲ ಹಿಡಿದುಬಿಡುತ್ತವೆ. ಕೊನೆಗೆ ಬಂದ ನಾಲ್ಕು ಮೆಲಮಿನ್ ಅಣುಗಳಿಗೆ ಫುಟ್‌ಬೋರ್ಡೂ ಸಿಗುವುದಿಲ್ಲ. ಅದಕ್ಕೇ ನಾವು ಹಾಲನ್ನು ಮೊದಲು ಒಡೆಸಿ, ವೇಗವಾಗಿ ತಿರುಗಿಸಿ ಗಟ್ಟಿ ಭಾಗ ತೆಗೆದು, ತಿಳಿಯನ್ನು ಮಾತ್ರ ಕಣದ ಮೇಲೆ ಹಾಕುತ್ತೇವೆ. ನೇರ ಒಂದು ಹನಿ ಹಾಲು ಹಾಕಿ ಅಂತ ಯಾರಾದರೂ ಹೇಳಿದರೆ ಈ ಕೆಲಸವನ್ನು ಅವರ ಯಂತ್ರ ಎಲ್ಲಿ ಮಾಡುತ್ತಿದೆ ಅಂತ ಕೇಳಬೇಕು.

ಮೂರು, ಸದ್ದು ಜೋರಾಗಿದೆ ಅಂದ ಮಾತ್ರಕ್ಕೆ ಜನ ಜಾಸ್ತಿ ಇದ್ದಾರೆ ಅಂತ ಅಲ್ಲ. 2008ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಮೂವರು, ನ್ಯಾನೋ ಗೋಳಗಳ ಮೇಲೆ ಬೆಳ್ಳಿ ಬಳಿದ ಒಂದು ತಳದಲ್ಲಿ ಯಾವ ಜಾಗ ಎಷ್ಟು ಬೆಳಕು ಕೊಡುತ್ತದೆ ಅಂತ ಅಳೆದರು. ಹತ್ತು ಲಕ್ಷ ಜಾಗಗಳಲ್ಲಿ ಅತಿ ಜೋರಾದವು ಬರೀ 63. ಒಟ್ಟು ಬೆಳಕಿನಲ್ಲಿ ಶೇಕಡಾ 24 ಬಂದಿದ್ದು ಆ 63 ಜಾಗಗಳಿಂದ! ಒಂದು ಅಣು ಅದೃಷ್ಟದಿಂದ ಅಂಥ ಸಂದಿಗೆ ಬಿದ್ದರೆ ಊರೆಲ್ಲ ಕೇಳುವಂತೆ ಕೂಗುತ್ತದೆ, ಪಕ್ಕದಲ್ಲಿ ಬಿದ್ದದ್ದು ಪಿಸುಗುಡುತ್ತದೆ. ಹಾಗಾಗಿ 'ಇದೆಯಾ?' ಎನ್ನುವ ಪ್ರಶ್ನೆಗೆ ಸರ್ಸ್ ಗಟ್ಟಿಗ. 'ಎಷ್ಟಿದೆ?' ಎನ್ನುವುದಕ್ಕೆ ಬಹಳ ಕಷ್ಟ ಪಡಬೇಕು: ಹಲವು ಜಾಗ ಓದಬೇಕು, ಪ್ರಮಾಣ ಗೊತ್ತಿರುವ ಮಾದರಿ ಜೊತೆಗಿಟ್ಟು ಹೋಲಿಸಬೇಕು. ಆಹಾರದ ವಿಷಯದಲ್ಲಿ ಎಷ್ಟು ಎನ್ನುವುದೇ ಮುಖ್ಯ. ಕಾನೂನಿನ ಮಿತಿ ಇರುವುದು ಪ್ರಮಾಣದ ಮೇಲೆ ತಾನೆ?

ಇನ್ನು 'ಶುದ್ಧವಾ?' ಎನ್ನುವ ಪ್ರಶ್ನೆ. ಅದಕ್ಕೆ ಸರ್ಸ್ ಉತ್ತರ ಹೇಳುವುದಿಲ್ಲ, ಯಾವ ಒಂಟಿ ಪರೀಕ್ಷೆಯೂ ಹೇಳುವುದಿಲ್ಲ. ಒಂದು ನಿರ್ದಿಷ್ಟ ಅಣು ಇದೆಯೋ ಇಲ್ಲವೋ ಎನ್ನುವುದಷ್ಟೇ ಯಂತ್ರಕ್ಕೆ ಗೊತ್ತು. ಮೆಲಮಿನ್ ಹುಡುಕಲು ಕಲಿಸಿದ ಯಂತ್ರಕ್ಕೆ ನಾಳೆ ಇನ್ನೇನೋ ಬೆರೆಸಿದರೆ ಆಗಲೂ ಹಸಿರು ದೀಪವೇ.

ಹಾಗಾದರೆ ಏನು ಮಾಡಬೇಕು

ಇದನ್ನು ಓದಿ ಸರ್ಸ್ ಬೇಡ ಅನ್ನಬೇಡಿ. ಒಂದು ಸಂಗ್ರಹಣಾ ಕೇಂದ್ರಕ್ಕೆ ಬೆಳಗಾಗುವುದರೊಳಗೆ ನೂರು ಕ್ಯಾನ್ ಹಾಲು ಬರುತ್ತದೆ ಅಂದುಕೊಳ್ಳಿ. ನೂರನ್ನೂ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಲು ಆಗುವುದಿಲ್ಲ. ಸರ್ಸ್‌ನಿಂದ ಬೇಗ ಬೇಗ ನೋಡಿ, ಅನುಮಾನ ಬಂದ ಐದನ್ನು ಬೇರೆ ಇಟ್ಟು, ಅವನ್ನು ಮಾಸ್ ಸ್ಪೆಕ್ಟ್ರೋಮೀಟರ್ ಇರುವ ಪ್ರಯೋಗಾಲಯಕ್ಕೆ ಕಳಿಸಿದರೆ ಅಲ್ಲಿ ಪ್ರಮಾಣದ ಸಮೇತ ತೀರ್ಮಾನ ಆಗುತ್ತದೆ. ಇದು ಮೊದಲ ಜರಡಿ. ಕಲಿತವರ ಕೈಯಲ್ಲಿ, ಯಾವ ಅಣುವನ್ನು ಹುಡುಕುತ್ತಿದ್ದೇವೆ ಅಂತ ಗೊತ್ತಿದ್ದಾಗ, ಇಷ್ಟು ಬೇಗ ಇಷ್ಟು ಕಡಿಮೆ ಪ್ರಮಾಣ ಹಿಡಿಯುವ ಜರಡಿಗಳು ಹೆಚ್ಚಿಲ್ಲ. ಬೆಂಗಳೂರಿನ ಪ್ರಯೋಗಾಲಯಗಳಲ್ಲೂ ಒಳ್ಳೆಯ ತಳ, ನಂಬಬಹುದಾದ ತಳ ಮಾಡಲು ಜನ ವರ್ಷಗಟ್ಟಲೆ ಕೂತಿದ್ದಾರೆ. ಹೆಚ್ಚಿನ ದಿನ ನಾವು ಹೋರಾಡುವುದು ಸಿಗ್ನಲ್ ಹೆಚ್ಚಿಸುವುದಕ್ಕಲ್ಲ, ನಿನ್ನೆ ಬಂದ ಸಿಗ್ನಲ್ ಇವತ್ತೂ ಅಷ್ಟೇ ಬರಲಿ ಅಂತ.

ಮನೆಯವರಿಗೆ ಒಂದು ದಾರಿ ಕಾನೂನಿನಲ್ಲೇ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂ ಪ್ರಕಾರ ಗ್ರಾಹಕರು ತಾವು ಕೊಂಡ ಆಹಾರವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ವರದಿ ಪಡೆಯಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ ಪರೀಕ್ಷೆಗೆ ಕೊಡುತ್ತೇನೆ ಅಂತ ಹೇಳಿರಬೇಕು. ಪದಾರ್ಥ ಕಾನೂನಿಗೆ ವಿರುದ್ಧ ಅಂತ ವರದಿ ಬಂದರೆ ಶುಲ್ಕ ವಾಪಸ್. ಅಪಾರ್ಟ್‌ಮೆಂಟಿನಲ್ಲಿ ಹತ್ತು ಮನೆಗೆ ಒಬ್ಬರೇ ಹಾಲು ಹಾಕುತ್ತಿದ್ದರೆ ಹತ್ತು ಮನೆಯವರೂ ಸೇರಿ ಇದನ್ನು ಮಾಡಿಸಬಹುದು. ತಂಗಿಗೂ ಇದನ್ನೇ ಹೇಳಿದೆ. "ಅಷ್ಟೊಂದು ಓಡಾಟಾನಾ?" ಅಂದಳು, ಆಮೇಲೆ ಪಕ್ಕದ ಮನೆಯವರನ್ನು ಕೇಳುತ್ತೇನೆ ಅಂದಳು.

ಇನ್ನು ಯಾವುದಾದರೂ ಯಂತ್ರ, ಕಿಟ್, ಸ್ಟ್ರಿಪ್ ಕೊಳ್ಳುವ ಮನಸ್ಸಿದ್ದರೆ ಮಾರುವವರಿಗೆ ಮೂರು ಪ್ರಶ್ನೆ ಕೇಳಿ. ಇದು ಯಾವ ಯಾವ ರಾಸಾಯನಿಕವನ್ನು ಗುರುತಿಸುತ್ತದೆ, ಹೆಸರು ಹೇಳಿ. ಒಂದೊಂದನ್ನೂ ಎಷ್ಟು ಕಡಿಮೆ ಪ್ರಮಾಣದವರೆಗೆ ಗುರುತಿಸುತ್ತದೆ, ಅದು ಕಾನೂನಿನ ಮಿತಿಗಿಂತ ಕೆಳಗಿದೆಯಾ? ನೀರಿನಲ್ಲಿ ಕರಗಿಸಿ ನೋಡಿದ್ದೀರೋ, ನಿಜವಾದ ಹಾಲಿನಲ್ಲಿ ನೋಡಿದ್ದೀರೋ? ಮೂರನೆಯದು ಕೇಳಲು ಮರೆಯಬೇಡಿ. ಶುದ್ಧ ನೀರಿನಲ್ಲಿ ಬಸ್ಸು ಖಾಲಿ ಇರುತ್ತದೆ, ಅಲ್ಲಿ ಎಲ್ಲರಿಗೂ ಸೀಟು ಸಿಗುತ್ತದೆ.

ಮೂರಕ್ಕೂ ಬರಹದಲ್ಲಿ ಉತ್ತರ ಕೊಟ್ಟರೆ ಅವರ ಜೊತೆ ಮಾತು ಮುಂದುವರಿಸಿ. 'ಎಲ್ಲಾ ಕಲಬೆರಕೆ ಗೊತ್ತಾಗತ್ತೆ ಮೇಡಂ' ಅಂದರೆ, ಥ್ಯಾಂಕ್ಸ್ ಹೇಳಿ ಫೋನ್ ಇಡಿ.